ಕರ್ನಲ್ ಸಾಹೇಬರು ಸ್ಟೇಜ್ ಮೇಲೆ ಹೇಳದ ಮಾತು

ಮೇ ರಜೆಯಲ್ಲಿ ಅಕ್ಕನ ಮಗಳನ್ನು ಎರಡು ದಿನದ ಲೀಡರ್‌ಶಿಪ್ ಕ್ಯಾಂಪಿಗೆ ಬಿಟ್ಟು ಬರೋಣ ಅಂತ ಹೋದವನು ನಾನು. ಗುಡುಗು ಮಳೆ ಹಿಡಿಯಿತು, ಅಲ್ಲೇ ಉಳಿದೆ. ಸೋಮವಾರಪೇಟೆ ಕಡೆಯ ಒಂದು ಹೋಂಸ್ಟೇ. ಶೀಟ್ ಹಾಕಿದ ಉದ್ದನೆಯ ಶೆಡ್ಡು, ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಪರದೆ. ಕ್ಲಾಸ್ ತೆಗೆದುಕೊಂಡವರು ಒಬ್ಬ ರಿಟೈರ್ಡ್ ಕರ್ನಲ್. ಹೆಸರು ಬೇಡ. ನಮ್ಮ ಕೊಡಗಲ್ಲಿ ಕರ್ನಲ್‌ಗಳಿಗೇನು ಬರ? ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲೇ ಒಬ್ಬರು ಸಿಗುತ್ತಾರೆ.

ಬೆಳಗಿನ ಕ್ಲಾಸಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಾಲ್ಕೂವರೆಗೆ ಏಳಿ, ಹಾಸಿಗೆ ನೀವೇ ಮಡಚಿ, ಗುರಿಯನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿ. 'ಸೋಲು ಅನ್ನೋ ಪದ ಮಿಲಿಟರಿ ಡಿಕ್ಷನರಿಯಲ್ಲೇ ಇಲ್ಲ.' ಮಕ್ಕಳು ಚಪ್ಪಾಳೆ ತಟ್ಟಿದರು. ನಾಲ್ಕೂವರೆಗೆ ಏಳೋದೇ ಯಶಸ್ಸಿನ ಗುಟ್ಟು ಆಗಿದ್ದರೆ, ಹಸು ಕರೆಯೋ ನಮ್ಮಮ್ಮ ಇಷ್ಟೊತ್ತಿಗೆ ಜನರಲ್ ಆಗಿರಬೇಕಿತ್ತು.

ಆಮೇಲೆ ಕಾರ್ಯಪ್ಪನವರ ಫೋಟೋ ಬಂತು, ತಿಮ್ಮಯ್ಯನವರ ಫೋಟೋ ಬಂತು. ಇಲ್ಲಿ ನನಗೆ ಸ್ವಲ್ಪ ತಕರಾರಿದೆ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು ಅನ್ನೋದು ಕೊಡಗಿನ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಕೈದಿಗಳೆಲ್ಲರೂ ನನ್ನ ಮಕ್ಕಳೇ ಅಂದರಂತೆ ಅನ್ನೋದನ್ನೂ ಎಲ್ಲರೂ ಹೇಳುತ್ತಾರೆ. ಹೇಳಲಿ, ದೊಡ್ಡ ಮಾತು ಅದು. ಆದರೆ ಅದೇ ಕಾರ್ಯಪ್ಪನವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು ಅಂತ ಯಾವ ಭಾಷಣದಲ್ಲಾದರೂ ಕೇಳಿದ್ದೀರಾ? ಇಡೀ ಸೇನೆ ಸೆಲ್ಯೂಟ್ ಹೊಡೆದ ಮನುಷ್ಯ ವೋಟು ಕೇಳಿಕೊಂಡು ಹೋದರೆ ಜನ ಕೊಡಲಿಲ್ಲ. ನಾಯಕತ್ವದ ಪಾಠ ಮಾಡೋರಿಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತೆ?

ತಿಮ್ಮಯ್ಯನವರದೂ ಹಾಗೇ. 1959ರಲ್ಲಿ, ಸೇನಾ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಟಾಪಟಿ ಆಗಿ ರಾಜೀನಾಮೆ ಬರೆದುಕೊಟ್ಟರು. ನೆಹರೂ ಮಾತಿಗೆ ಅದನ್ನು ವಾಪಸ್ ತೆಗೆದುಕೊಂಡರು. ಮಾಡಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಇದೆ. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ ಆಗಿದೆ, ಹೋಗಿ ನೋಡಿ. ಹದಿನೇಳು ವರ್ಷದ ಮಕ್ಕಳ ಮುಂದೆ ಆ ರಾಜೀನಾಮೆ ಪತ್ರ ಇಟ್ಟು 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಅಂತ ಒಂದು ಗಂಟೆ ಬಿಟ್ಟರೆ ಸಾಕು. ಅದಕ್ಕೆ ಪರದೆಯೂ ಬೇಡ, ಪ್ರೊಜೆಕ್ಟರೂ ಬೇಡ.

ಕಾಶ್ಮೀರದ ಜೋಜಿಲಾ ಕಥೆಯೂ ಬಂತು. 1948ರ ನವೆಂಬರ್ 1, ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಕಣಿವೆ, ಹಿಮ. ಅಲ್ಲಿಗೆ ಟ್ಯಾಂಕ್ ನುಗ್ಗಿಸಿದವರು ತಿಮ್ಮಯ್ಯ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಎಂಇಜಿಯಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದವರು. ಅಂದರೆ ಮದ್ರಾಸ್ ಸ್ಯಾಪರ್ಸ್, ಸೇನೆಗೆ ದಾರಿ, ಸೇತುವೆ ಮಾಡಿಕೊಡೋ ಪಡೆ, ಬೆಂಗಳೂರು ಅಲಸೂರು ಕೆರೆ ಪಕ್ಕದವರು. ಅವರು ಕೇಳಿದ್ದು ಒಂದೇ.

'ದಾರಿ ಮಾಡಿದ್ದು ಯಾರು ಅಂತ ಹೇಳಿದ್ರಾ?'

ಇಲ್ಲ, ಹೇಳಿರಲಿಲ್ಲ. ಹೇಸರಗತ್ತೆ ಹೋಗುವ ಕಾಲುದಾರಿಯನ್ನು ಟ್ಯಾಂಕ್ ಹೋಗುವ ಹಾಗೆ ಅಗಲ ಮಾಡಿದವರು ಇದೇ ಸ್ಯಾಪರ್ಸ್. ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲು ಮುಚ್ಚಿ, ಯಾರಿಗೂ ತಿಳಿಯದ ಹಾಗೆ ಸಾಗಿಸಿದರು. ಅಪ್ಪ ಆಗ ಹುಟ್ಟಿರಲೂ ಇಲ್ಲ. ಆದರೂ ತಾವೇ ಗುದ್ದಲಿ ಹಿಡಿದಿದ್ದ ಹಾಗೆ ಸಿಟ್ಟು!

ಸರಿ, ಕ್ಯಾಂಪಿಗೆ ವಾಪಸ್ ಬರುತ್ತೇನೆ. ಸಂಜೆ ಮಳೆ ನಿಂತಿತು. ಕರ್ನಲ್ ಸಾಹೇಬರು ಮಕ್ಕಳನ್ನು ಕಾಫಿ ಕಣಕ್ಕೆ ಕರೆದುಕೊಂಡು ಹೋದರು. ಒಂದು ಹಲಗೆ, ಒಂದು ಮರದ ಗಳ, ಒಂದು ಹಗ್ಗ, ಮೂರು ಡ್ರಮ್ಮು. ಆಫೀಸರ್ ಆಗೋಕೆ ಎಸ್‌ಎಸ್‌ಬಿ ಅಂತ ಐದು ದಿನದ ಪರೀಕ್ಷೆ ಇರುತ್ತಲ್ಲ, ಅದರಲ್ಲಿ ಇದೇ ಆಟ. ನೆಲ ಮುಟ್ಟಬಾರದು. ಭಾರದ ಮೂಟೆಯ ಸಮೇತ ಗುಂಪಿನ ಎಲ್ಲರೂ ಆಚೆ ದಾಟಬೇಕು. ಇಂಥವರೇ ಲೀಡರ್ ಅಂತ ಯಾರೂ ನೇಮಿಸೋದಿಲ್ಲ. ನೋಡುವವರು ಹಿಂದೆ ಸುಮ್ನೆ ನಿಂತಿರುತ್ತಾರೆ.

ನಮ್ಮ ಹುಡುಗಿ ದೊಡ್ಡ ಬಾಯಿಯವಳು. ಎಲ್ಲರಿಗೂ ಹಾಗೆ ಮಾಡು ಹೀಗೆ ಮಾಡು ಅಂದಳು. ಹಲಗೆಯ ತುದಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ದಾಟಿಸಿದಳು. ಕೊನೆಗೆ ನೋಡಿದರೆ ಏಳು ಜನ ಆ ಕಡೆ, ಇವಳೊಬ್ಬಳು ಈ ಕಡೆ. ಹಲಗೆ ಹಿಡಿಯೋಕೆ ಯಾರೂ ಇಲ್ಲ. ಮೂಟೆಯೂ ಇವಳ ಹತ್ತಿರವೇ. ಕರ್ನಲ್ ಒಂದು ಮಾತೂ ಆಡಲಿಲ್ಲ. 'ಟೈಮ್' ಅಂದರು, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗಲೂ ಅವಳು ಚಮಚ, ತಟ್ಟೆ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದಳು. 'ಮಾವ, ನಾನು ಮೂರನೆಯವಳಾಗಿ ದಾಟಬೇಕಿತ್ತು ಅಲ್ವಾ?' ಕೊಟ್ಟ ಫೀಸು ಈ ಅರ್ಧ ಗಂಟೆಗೇ ವಸೂಲಾಯಿತು ಅಂತ ನನ್ನ ಲೆಕ್ಕ.

ನಾನು ಈ ಪೋಸ್ಟ್ ಬರೆಯೋಕೆ ಕೂತಿದ್ದು ಆಮೇಲೆ ನಡೆದದ್ದಕ್ಕೆ. ಜೀಪಿನ ಹತ್ತಿರ ನಿಂತು ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಸುಮ್ನೆ ಕೇಳಿದೆ, 'ಸರ್, ಬ್ರಿಗೇಡಿಯರ್ ಆಗೋ ಹೊತ್ತಿಗೆ ಬಂದುಬಿಟ್ರಾ?' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಪ್ರಮೋಷನ್ ಬೋರ್ಡಲ್ಲಿ ಆಗಲಿಲ್ಲ. ನನ್ನ ಜೂನಿಯರ್ ಆದ. ಅವನ ಕೈಕೆಳಗೇ ಎರಡು ವರ್ಷ ಕೆಲಸ ಮಾಡಿದೆ. ಮೊದಲ ದಿನ ಸೆಲ್ಯೂಟ್ ಹೊಡೆಯೋಕೆ ಕೈ ಎತ್ತೋದಿದೆಯಲ್ಲ, ಅದು ಕಷ್ಟ. ಎರಡನೇ ದಿನದಿಂದ ಕೈಗೆ ಅಭ್ಯಾಸ ಆಗುತ್ತೆ.'

ಇಷ್ಟು ಹೇಳಿ ಲೋಟ ಇಟ್ಟು, ಟಯರಿಗೆ ಗಾಳಿ ಕಮ್ಮಿ ಇದೆ ಅಂತ ಮಾತು ಬದಲಿಸಿದರು.

ಬೆಳಿಗ್ಗೆ 'ಸೋಲು ಅನ್ನೋ ಪದವೇ ಇಲ್ಲ' ಅಂದವರು ಇವರೇನಾ? ಸೇನೆಯ ಲೆಕ್ಕ ಗೊತ್ತಿರುವವರಿಗೆ ಇದು ಹೊಸದಲ್ಲ. ಮೇಲೆ ಹೋದಷ್ಟೂ ಜಾಗ ಕಮ್ಮಿ. ಕರ್ನಲ್‌ನಿಂದ ಬ್ರಿಗೇಡಿಯರ್ ಆಗೋಕೆ ಬೋರ್ಡ್ ಆರಿಸಬೇಕು. ಬಹಳಷ್ಟು ಜನ ಅಲ್ಲೇ ನಿಲ್ಲುತ್ತಾರೆ. ಕರ್ನಲ್‌ಗೆ ಐವತ್ತನಾಲ್ಕಕ್ಕೆ ರಿಟೈರ್‌ಮೆಂಟ್. ನಿಂತ ಮೇಲೂ ವರ್ಷಗಟ್ಟಲೆ ಶೂ ಪಾಲಿಶ್ ಮಾಡಿಕೊಂಡು, ಹುಡುಗರ ರಜೆ, ರೇಷನ್ನು, ಅವರ ಮನೆ ಕಷ್ಟ ನೋಡಿಕೊಂಡು ನೆಟ್ಟಗೆ ಕೆಲಸ ಮಾಡುತ್ತಾರಲ್ಲ, ಅದು ಹೇಗೆ ಅಂತ ನಮಗೆ ಯಾರು ಹೇಳಿಕೊಡುತ್ತಾರೆ? ಪಿಯುಸಿಯಲ್ಲಿ ಸೀಟು ತಪ್ಪಿದ ಹುಡುಗನಿಗೆ, ಪ್ರಮೋಷನ್ ಸಿಗದ ಬ್ಯಾಂಕ್ ಕ್ಲರ್ಕಿಗೆ ಬೇಕಾಗಿರೋದು ಅದೇ ತಾನೇ? ಡೆಹ್ರಾಡೂನಿನ ಅಕಾಡೆಮಿಯಲ್ಲಿ 1932ರಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್ವುಡ್ ಹೇಳಿದ ಮಾತು ಎಲ್ಲ ಆಫೀಸರಿಗೂ ಬಾಯಿಪಾಠ. ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರ ಕ್ಷೇಮ, ನಿನ್ನ ಸುಖ ಕೊನೆಗೆ, ಯಾವಾಗಲೂ. ಇದನ್ನು ಉಸಿರಾಡಿ ಬಂದವರನ್ನು ಕರೆದು 'ನಿಮ್ಮ ಪರ್ಸನಲ್ ಸಕ್ಸಸ್' ಅನ್ನೋ ಬ್ಯಾನರ್ ಕೆಳಗೆ ನಿಲ್ಲಿಸಿದರೆ ಅವರಾದರೂ ಏನು ಮಾಡಬೇಕು? ಬ್ಯಾನರ್‌ಗೆ ತಕ್ಕ ಮಾತಾಡುತ್ತಾರೆ. ಕುರ್ಚಿಯಲ್ಲಿ ಕೂತು ಕೇಳುವ ನಮ್ಮ ತಪ್ಪೂ ಇದೆ.

ಅಪ್ಪನ ಕಥೆ ಹೇಳದಿದ್ದರೆ ಇದು ಪೂರ್ತಿ ಆಗೋದಿಲ್ಲ. ಪೆನ್ಷನ್ ಬಂದ ಮೊದಲ ವರ್ಷ ಅಪ್ಪ ತೋಟವನ್ನು ಮಿಲಿಟರಿ ಶಿಸ್ತಿನಲ್ಲಿ ನಡೆಸುತ್ತೇನೆ ಅಂತ ಹೊರಟರು. ಏಳೂವರೆಗೆ ಸೀಟಿ. ಕಣದಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಟ್. ಹೊಟ್ಟೆಗೆ ಏನು ತಿಂದೆ ಅಂತ ಕೇಳುತ್ತಿರಲಿಲ್ಲ, ಟೋಪಿ ಯಾಕೆ ಹಾಕಿಲ್ಲ ಅಂತ ಕೇಳುತ್ತಿದ್ದರು. ಡಿಸೆಂಬರ್ ಕೊನೆ, ಅರೇಬಿಕಾ ಹಣ್ಣು ಕೆಂಪಗೆ ತೂಗುತ್ತಿತ್ತು. ಒಂದು ಶನಿವಾರ ಬಟವಾಡೆ ಆಯಿತು. ಭಾನುವಾರ ಬೆಳಿಗ್ಗೆ ನೋಡಿದರೆ ಕೂಲಿಯವರು ಇರುವ ಎರಡು ಲೈನ್ ಮನೆ ಖಾಲಿ. ಪಾತ್ರೆ ಪಗಡೆ, ಕೋಳಿ ಸಮೇತ ಪಕ್ಕದ ತೋಟ ಸೇರಿದ್ದರು.

ಅಮ್ಮ ಒಲೆ ಮುಂದಿನಿಂದಲೇ ಅಂದರು, 'ಅವರೇನು ನಿಮ್ಮ ಸಿಪಾಯಿಗಳಾ? ಬಟವಾಡೆ ಆದ ಮೇಲೆ ಅವರ ದಾರಿ ಅವರಿಗೆ.'

ಆ ವರ್ಷ ಅರ್ಧ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಸೇನೆಯಲ್ಲಿ ಆರ್ಡರ್ ಹಿಂದೆ 1950ರ ಆರ್ಮಿ ಆಕ್ಟ್ ಇರುತ್ತೆ. ಮಾತು ಕೇಳದಿದ್ದರೆ ಕೋರ್ಟ್ ಮಾರ್ಷಲ್. ಕೇಳಿದರೆ ಊಟ, ಬಟ್ಟೆ, ರಜೆ, ಪೆನ್ಷನ್. ತೋಟದಲ್ಲಿ ಏನಿದೆ? ಹರಿದ ಟಾರ್ಪಾಲಿನ ಕೆಳಗೆ ಸೋರುವ ಮನೆ. ಅಪ್ಪನಿಗೆ ಇದು ತಿಳಿಯೋಕೆ ಒಂದು ಬೆಳೆ ಹೋಯಿತು. ಬೇಸಿಗೆಯಲ್ಲಿ ಯಾರಿಗೂ ಹೇಳದೆ ಲೈನ್ ಮನೆಗಳ ಹೆಂಚು ಇಳಿಸಿ, ರೀಪು ಬದಲಾಯಿಸಿ, ಹಿಂದೆ ಚರಂಡಿ ತೋಡಿದರು. ಸ್ಯಾಪರ್ ಅಲ್ವಾ, ಆ ಕೆಲಸ ಚೆನ್ನಾಗಿ ಬರುತ್ತಿತ್ತು. ಮುಂದಿನ ಕೊಯ್ಲಿಗೆ ಒಂದು ಕುಟುಂಬ ವಾಪಸ್ ಬಂತು. ಇನ್ನೊಂದು ಬರಲಿಲ್ಲ. ಅವರು ದಾರಿಯಲ್ಲಿ ಸಿಕ್ಕಿದರೂ ಅಪ್ಪನ ಜೊತೆ ಮಾತಾಡುತ್ತಿರಲಿಲ್ಲ.

ಇದನ್ನೆಲ್ಲ ಕರ್ನಲ್ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ನಿಮ್ಮ ಬೋರ್ಡಿನ ಕಥೆ ಮಕ್ಕಳಿಗೆ ಯಾಕೆ ಹೇಳಬಾರದು ಅಂತಲೂ ಕೇಳಿದೆ. 'ಸೋತವರ ಕ್ಲಾಸಿಗೆ ದುಡ್ಡು ಕೊಟ್ಟು ಯಾರು ಬರ್ತಾರ್ರೀ' ಅಂದು ನಕ್ಕರು. ಬೇಡ ಅನ್ನಲಿಲ್ಲ. ದಸರಾ ರಜೆಯಲ್ಲಿ ಇನ್ನೊಂದು ಕ್ಯಾಂಪ್ ಇದೆಯಂತೆ. ಅಪ್ಪನನ್ನೂ ಒಂದು ಗಂಟೆ ಕರೆದುಕೊಂಡು ಬನ್ನಿ ಅಂದಿದ್ದಾರೆ.

ಅಪ್ಪನಿಗೆ ತಿಳಿಸಿದೆ. ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು, 'ಮೆಡಲ್ ಹಾಕ್ಕೊಂಡು ಬರಬೇಕಾ, ಗಂಬೂಟ್ ಹಾಕ್ಕೊಂಡು ಬರಬೇಕಾ, ಕೇಳು.'