ಟೂ ಅಂದ್ರೆ ತುಂಬಾ ಅಲ್ಲ

ಕೆಲಸಕ್ಕೆ ಸೇರಿದ ಹೊಸದು. ಲಂಡನ್ನಿನ ಸಹೋದ್ಯೋಗಿಯೊಬ್ಬರು 40 ಪುಟದ ರಿಪೋರ್ಟ್ ಕಳಿಸಿದ್ದರು. ಓದಿ ಖುಷಿಯಾಗಿ 'ಯುವರ್ ರಿಪೋರ್ಟ್ ಈಸ್ ಟೂ ಡೀಟೈಲ್ಡ್' ಅಂತ ಮೇಲ್ ಹಾಕಿ, ನಾನು ಆರಾಮಾಗಿ ಕಾಫಿಗೆ ಎದ್ದು ಹೋದೆ. ಮಾರನೇ ದಿನ ಅದೇ ರಿಪೋರ್ಟ್ 15 ಪುಟವಾಗಿ ವಾಪಸ್ ಬಂತು. ಜೊತೆಗೊಂದು ಸಾರಿ. ಹೊಗಳಿದ್ದಕ್ಕೆ ಸಾರಿ ಯಾಕಪ್ಪಾ ಅಂತ ತಲೆ ಕೆರೆದುಕೊಂಡೆ.

ಕಾಫಿ 'ವೆರಿ ಹಾಟ್' ಅಂದರೆ ಭೇಷ್. 'ಟೂ ಹಾಟ್' ಅಂದರೆ ನಾಲಿಗೆ ಸುಡುತ್ತದೆ, ಕುಡಿಯೋಕಾಗಲ್ಲ. ನಾವು 'ಯಾಕೋ ಅತಿ ಆಯ್ತು' ಅಂತೀವಲ್ಲ, ಟೂ ಅಂದರೆ ಅದು. ನಮ್ಮ ಹುಡುಗರು 'ಟೂ ಗುಡ್ ಮಗಾ' ಅಂದಾಗ ಮಾತ್ರ ಯಾರಿಗೂ ಏನೂ ಆಗಲ್ಲ ಬಿಡಿ.

ನಮ್ಮ 'ತುಂಬಾ' ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ. ತುಂಬಾ ಚೆನ್ನಾಗಿದೆ, ತುಂಬಾ ನಕ್ಕೆ, ಎರಡೂ ಸರಿ. ಇಂಗ್ಲಿಷಿನ ವೆರಿ ಕ್ರಿಯಾಪದದ ಹತ್ತಿರ ಸುಳಿಯಲ್ಲ, 'ಐ ವೆರಿ ಲೈಕ್' ಅಂದರೆ ಕೆಟ್ಟಿತು, ಅಲ್ಲಿ ಮಚ್ ಅನ್ನೋ ಜೊತೆಗಾರ ಬೇಕು, ಇಬ್ಬರೂ ಸೇರಿ ಹೆಚ್ಚಾಗಿ ವಾಕ್ಯದ ಕೊನೆಗೆ ಹೋಗಿ ನಿಲ್ಲುತ್ತಾರೆ. ಎನಫ್ ಇನ್ನೂ ವಿಚಿತ್ರ. 'ಎನಫ್ ಮನಿ' ಅನ್ನುವಾಗ ಮುಂದೆ, 'ಬಿಗ್ ಎನಫ್' ಅನ್ನುವಾಗ ಹಿಂದೆ. ನಮ್ಮ ಸಾಕಷ್ಟು ಪಾಪ, ಹೆಚ್ಚಾಗಿ ಮುಂದೆಯೇ ಇರುತ್ತದೆ.

ಅಸಲಿಗೆ ನಮಗೆ ಈ ಪದಗಳೇ ಎಷ್ಟೋ ಸಲ ಬೇಡ. ಮೊದಲು ಸಾಲದಿದ್ದರೆ ಮೊಟ್ಟಮೊದಲು, ತುದಿ ಸಾಲದಿದ್ದರೆ ತುತ್ತತುದಿ, ಬಯಲು ಸಾಲದಿದ್ದರೆ ಬಟ್ಟಬಯಲು. ಅದೂ ಬೇಡ ಅಂದರೆ 'ದೂ...ರ' ಅಂತ ಎಳೆದರಾಯ್ತು, ಎಳೆದಷ್ಟು ದೂರ. 'ಬಿಸಿ ಬಿಸಿ' ಅಂತ ಎರಡೆರಡು ಸಲ ಹೇಳೋ ಚಾಳಿ ಇಂಗ್ಲಿಷಿಗೂ ಹೋಗಿ 'ಹಾಟ್ ಹಾಟ್ ಇಡ್ಲಿ' ಆಗುತ್ತದೆ. ನನಗಂತೂ ಅದು ತಪ್ಪು ಅನ್ನಿಸಲ್ಲ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಕ್ವೈಟ್. ಅದೇ ಲಂಡನ್ನಿನವರು ನನ್ನ ಕೆಲಸ 'ಕ್ವೈಟ್ ಗುಡ್' ಅಂದಾಗ ಮನೆಗೆ ಮೈಸೂರುಪಾಕ್ ತಗೊಂಡು ಹೋಗಿದ್ದೆ. ಅಮೆರಿಕದವರು ಅಂದಿದ್ದರೆ ಸ್ವೀಟ್ ಸರಿ. ಬ್ರಿಟಿಷರ ಬಾಯಲ್ಲಿ ಅದು ಹೆಚ್ಚಾಗಿ ನಮ್ಮ 'ಪರವಾಗಿಲ್ಲ' ಇದ್ದ ಹಾಗೆ. ಅದೇ ಬ್ರಿಟಿಷರು 'ಕ್ವೈಟ್ ಇಂಪಾಸಿಬಲ್' ಅಂದರೆ ಮಾತ್ರ ಸುತರಾಂ ಆಗಲ್ಲ ಅಂತ! ನಗುವ ಹಾಗೂ ಇಲ್ಲ. ಸಾರು ತಿಂದ ಅತ್ತೆ 'ಪರವಾಗಿಲ್ಲ' ಅಂದರೆ ಒಂದು, 'ಪರವಾಗಿಲ್ವೇ!' ಅಂದರೆ ಇನ್ನೊಂದು, ಅಲ್ವಾ?

ಕಳೆದ ವರ್ಷ ಆ ಲಂಡನ್ನಿನವರು ಬೆಂಗಳೂರಿಗೆ ಬಂದಿದ್ದರು. ದರ್ಶಿನಿಯಲ್ಲಿ ನಿಂತುಕೊಂಡೇ ಮಸಾಲೆ ದೋಸೆ ತಿಂದು 'ಕ್ವೈಟ್ ನೈಸ್' ಅಂದರು. ನಾನು ಸುಮ್ನೆ ಅವರ ಮುಖವನ್ನೇ ನೋಡ್ತಾ ನಿಂತೆ. ಅವರು ಕೈ ಒರೆಸಿಕೊಂಡು, ಇನ್ನೊಂದು ಟೋಕನ್ ತರೋಕೆ ಕೌಂಟರಿಗೆ ಹೋದರು.