ನಮ್ಮ ರಾಜ್ಯದ ಡಾಲ್ಫಿನ್ ಕಾರನ್ನು ಮರೆಯಬೇಡಿ
ಅಪರೂಪದ ಕಾರು ನೋಡಬೇಕಾದರೆ ಬೆಂಗಳೂರು, ಮುಂಬೈಗೇ ಹೋಗಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಧಾರವಾಡದ ಮಾಳಮಡ್ಡಿ, ಸಪ್ತಾಪುರ ಕಡೆ ಬೆಳಗ್ಗೆ ಸುಮ್ನೆ ನಡೆದು ಬನ್ನಿ. ಹಳೆ ಮನೆಗಳ ಕಂಪೌಂಡಿನಲ್ಲಿ ಪದ್ಮಿನಿ, ಅಂಬಾಸಿಡರ್ ಇನ್ನೂ ಕಾಣಿಸುತ್ತವೆ. ನನಗಂತೂ ಫೆರಾರಿಗಿಂತ ಸಿಪಾನಿ ಡಾಲ್ಫಿನ್ ಕಂಡರೆ ಜಾಸ್ತಿ ಖುಷಿ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಕಂಪನಿಯೇ ಮಾಡಿದ ಕಾರು ಅದು. ಅದರ ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರು. ಎರಡು ಬಾಗಿಲು, 848 ಸಿಸಿ ಎಂಜಿನ್. ಬಾಡಿ ಫೈಬರ್ ಗ್ಲಾಸಿನದು, ಹಾಗಾಗಿ ಎಷ್ಟೇ ಮಳೆ ಬಂದರೂ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಚಾಸಿಸ್ (ಬಾಡಿ ಕೂರುವ ಕೆಳಗಿನ ಚೌಕಟ್ಟು) ಮಾತ್ರ ಕಬ್ಬಿಣದ್ದು. ಮಾರುತಿ 800 ಮುಂದೆ ನಿಲ್ಲಲಿಲ್ಲ, ನಿಜ. ಆದರೂ ನಮ್ಮದೇ ರಾಜ್ಯದ ಕಾರಲ್ವಾ? ಹುಬ್ಬಳ್ಳಿ, ಗದಗ ಕಡೆ ಯಾರ ಶೆಡ್ಡಿನಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.