ಘನ ಗಡ್ಡೆಗೆ ಕಾರ್-ಟಿ ಕೋಶ: ರೋಗ ಬಲಿಯುವ ಮೊದಲೇ ಕೊಡಬೇಕೆ?

ಪರ

ರೋಗಿಯ ರಕ್ತದಿಂದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತನ್ನು (ಸಾಮಾನ್ಯವಾಗಿ ಪ್ರೋಟೀನನ್ನು) ಪತ್ತೆಹಚ್ಚುವ ಗ್ರಾಹಕವನ್ನು ಅವುಗಳಲ್ಲಿ ಮೂಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ದೇಹಕ್ಕೆ ಹರಿಸುವುದೇ ಕಾರ್-ಟಿ ಚಿಕಿತ್ಸೆ. ರಕ್ತದ ಕ್ಯಾನ್ಸರಿಗೆ ಅಮೆರಿಕದಲ್ಲಿ 2017ರಲ್ಲೇ ಅನುಮತಿ ಪಡೆದ ಈ ಚಿಕಿತ್ಸೆ, ಅಂಗಾಂಗಗಳಲ್ಲಿ ಗಂಟಾಗಿ ಬೆಳೆಯುವ ಘನ ಗಡ್ಡೆಗಳ ಮುಂದೆ ಇನ್ನೂ ತಡವರಿಸುತ್ತಿದೆ. ಇದಕ್ಕೆ ಒಂದು ಕಾರಣ, ನಾವು ಅದನ್ನು ಪ್ರಯೋಗಿಸುವ ಹೊತ್ತು. ಹಲವು ಸುತ್ತು ಕೀಮೋ ಮುಗಿಸಿದ ರೋಗಿಯಿಂದ ತೆಗೆದ ಟಿ ಕೋಶಗಳು ಮೊದಲೇ ಸೊರಗಿರುತ್ತವೆ; ಗಡ್ಡೆಯೋ ಅಷ್ಟರಲ್ಲಿ ನಾರಿನ ಗೋಡೆ ಕಟ್ಟಿಕೊಂಡು, ರೋಗನಿರೋಧಕ ಕೋಶಗಳನ್ನು ಮಂಕುಗೊಳಿಸುವ ರಾಸಾಯನಿಕಗಳನ್ನು ಸುತ್ತಲೂ ಸೂಸುತ್ತಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅಲ್ಲಲ್ಲಿ ಅವಿತುಳಿದ, ಸ್ಕ್ಯಾನಿಗೂ ಕಾಣದ ಕ್ಯಾನ್ಸರ್ ಕಣಗಳಿಗೆ ಅಂಥ ಕೋಟೆಯಿನ್ನೂ ಇರುವುದಿಲ್ಲ. ಇಟಲಿಯಲ್ಲಿ ನ್ಯೂರೋಬ್ಲಾಸ್ಟೋಮಾ ಎಂಬ ನರಕೋಶಗಳ ಕ್ಯಾನ್ಸರ್ ಇದ್ದ 27 ಮಕ್ಕಳಿಗೆ, ಆ ಕೋಶಗಳ ಮೈಮೇಲಿನ ಜಿಡಿ2 ಎಂಬ ಗುರುತನ್ನು ಗುರಿಯಾಗಿಸಿದ ಕಾರ್-ಟಿ ಕೊಟ್ಟ ಪ್ರಯೋಗದ ವರದಿ 2023ರಲ್ಲಿ ಬಂತು. ಅವರಲ್ಲಿ 17 ಮಕ್ಕಳು ಸ್ಪಂದಿಸಿದರು. ರೋಗದ ಹೊರೆ ಕಡಿಮೆಯಿದ್ದವರಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿತ್ತು.

ವಿರೋಧ

ಮೊದಲೇ ಕೊಡುವುದೆಂದರೆ, ಬೇರೆ ದಾರಿ ಇನ್ನೂ ಉಳಿದಿರುವವರಿಗೆ ಕೊಡುವುದು ಎಂದರ್ಥ. 2010ರಲ್ಲಿ ವರದಿಯಾದ ಪ್ರಕರಣವೊಂದನ್ನು ನೋಡಿ. ಕರುಳಿನ ಕ್ಯಾನ್ಸರ್ ಶ್ವಾಸಕೋಶ, ಯಕೃತ್ತುಗಳಿಗೆ ಹರಡಿದ್ದ ರೋಗಿಗೆ ಹರ್-2 ಎಂಬ ಪ್ರೋಟೀನ್ ಗುರಿಯ ಸುಮಾರು 1,000 ಕೋಟಿ ಕೋಶಗಳನ್ನು ಕೊಟ್ಟ ಹದಿನೈದೇ ನಿಮಿಷದಲ್ಲಿ ಉಸಿರಾಟ ಕಷ್ಟವಾಯಿತು. ಐದು ದಿನಗಳಲ್ಲಿ ಸಾವು ಸಂಭವಿಸಿತು. ಶ್ವಾಸಕೋಶದ ಆರೋಗ್ಯವಂತ ಕೋಶಗಳ ಮೇಲೆ ಅತ್ಯಲ್ಪವಾಗಿದ್ದ ಹರ್-2ನ್ನೇ ಅವು ಗುರಿಯೆಂದು ಹಿಡಿದಿರಬೇಕು ಎಂಬುದು ವೈದ್ಯರ ತರ್ಕ. ರಕ್ತದ ಕ್ಯಾನ್ಸರಿನಲ್ಲಿ ಪ್ರತಿಕಾಯ ತಯಾರಿಸುವ ಒಳ್ಳೆಯ ಬಿ ಕೋಶಗಳು ನಾಶವಾದರೂ ರೋಗಿ ಬದುಕಬಲ್ಲ. ಶ್ವಾಸಕೋಶಕ್ಕೆ ಆ ರಿಯಾಯಿತಿಯಿಲ್ಲ.

ಫಲವನ್ನಾದರೂ ತೂಗಿ ನೋಡೋಣ. ಜಠರದ ಕ್ಯಾನ್ಸರಿನಲ್ಲಿ ಚೀನಾದ ಸಂಶೋಧಕರು ಕ್ಲಾಡಿನ್ 18.2 ಎಂಬ ಪ್ರೋಟೀನ್ ಗುರಿಯ ಕಾರ್-ಟಿಯನ್ನು ರೂಢಿಯ ಔಷಧಗಳೊಂದಿಗೆ ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ಉಲ್ಬಣಿಸದೆ ಉಳಿದ ಮಧ್ಯಮಾವಧಿ 1.77 ತಿಂಗಳಿಂದ 3.25 ತಿಂಗಳಿಗೆ ಏರಿತು. ಆಯ್ಕೆ ಮುಗಿದವರಿಗೆ ಇದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಆ ಕೋಶಗಳನ್ನು ಪಡೆದವರಲ್ಲಿ ಶೇ. 99ರಷ್ಟು ಮಂದಿಗೆ ತೀವ್ರ ಅಡ್ಡಪರಿಣಾಮಗಳಾದವು; ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಿರಬಹುದಾದವರ ಮೇಲೆ ಈ ಭಾರ ಹೊರಿಸುವುದು ಹೇಗೆ? ಟಿ ಕೋಶ ಸೊರಗುವ ಚಿಂತೆಯಿದ್ದರೆ, ಕೀಮೋಗೆ ಮುನ್ನವೇ ಅದನ್ನು ಸಂಗ್ರಹಿಸಿ ಶೈತ್ಯದಲ್ಲಿಡಲಿ; ಅದಕ್ಕೆ ನನ್ನ ತಕರಾರಿಲ್ಲ.

ಗಡ್ಡೆಯ ಕೋಶಗಳೆಲ್ಲ ಒಂದೇ ಗುರುತು ಹೊತ್ತಿರುವುದಿಲ್ಲ ಎಂಬ ತೊಡಕಂತೂ ಬೇಗ ಕೊಟ್ಟ ಮಾತ್ರಕ್ಕೆ ನೀಗುವುದಿಲ್ಲ. 2016ರಲ್ಲಿ ವರದಿಯಾದ, ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರಿಗೆ ಕಾರ್-ಟಿ ಪಡೆದ ರೋಗಿಯೊಬ್ಬರಲ್ಲಿ ಮೆದುಳಿನ ಗಡ್ಡೆಗಳ ಜೊತೆಗೆ ಬೆನ್ನುಹುರಿಯಲ್ಲಿ ಹರಡಿದ್ದವೂ ಕರಗಿದವು; ಏಳೂವರೆ ತಿಂಗಳ ನಂತರ ರೋಗ ಬೇರೆ ಜಾಗಗಳಲ್ಲಿ ಮರಳಿತು.